ಅಂಕಯ್ಯನ ಮರ್ಯಾದೆ, ಬ್ಲಫಿನ ಸಿಗ್ನಲ್ಲು

ಮಂಡ್ಯದ ಕಡೆಯವರು ಮಾತಾಡಿದರೆ ಜಗಳಕ್ಕೆ ಬಂದಂತಿರುತ್ತದೆ, ಜಗಳಕ್ಕೆ ಬಂದರೆ ಮನೆ ಬಿದ್ದಂತಿರುತ್ತದೆ ಎಂದು ಹೊರಗಿನವರು ಹೇಳುವುದುಂಟು. ಇದಕ್ಕೆ ಒಬ್ಬನೇ ಒಬ್ಬ ಅಪವಾದ. ಅವನು ಮಳವಳ್ಳಿಯ ಆಚೆ, ವಿದ್ಯುತ್ ಕೇಂದ್ರವಿರುವ ಬ್ಲಫ್ ಎಂಬ ಜಾಗದ ಪಕ್ಕದ ಹಳ್ಳಿಯಲ್ಲಿದ್ದಾನೆ. ಪೂಜಾ ಕುಣಿತದ ಅಂಕಯ್ಯ.

ಅಂಗಳಕ್ಕೆ ನುಗ್ಗಿದ ನಾಯಿಯನ್ನು ಓಡಿಸಬೇಕಾದರೂ ಅಂಕಯ್ಯ, "ವಸಿ ಅತ್ಲಾಗೋಗಪ್ಪ" ಎನ್ನುತ್ತಾನೆ. ಬಸ್ಸಿನ ಕಂಡಕ್ಟರು ಟಿಕೆಟ್ ಹರಿದುಕೊಟ್ಟರೆ ತೀರ್ಥ ತೆಗೆದುಕೊಳ್ಳುವಂತೆ ಎರಡು ಕೈಯೊಡ್ಡಿ ತೆಗೆದುಕೊಳ್ಳುತ್ತಾನೆ, ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಅವನ ಅಪ್ಪ ಅವನಿಗೆ ಕಲಿಸಿದ್ದು ಎರಡು ವಿದ್ಯೆ. ಒಂದು ಪೂಜಾ ಕುಣಿತ. ಬಿದಿರಿನ ಎತ್ತರದ ಚೌಕಟ್ಟಿಗೆ ಸೀರೆ ಸುತ್ತಿ, ಹೂವು ಮುಡಿಸಿ, ನಡುವೆ ಅಮ್ಮನ ಹಿತ್ತಾಳೆ ಮುಖ ಕಟ್ಟಿದರೆ ಅದಕ್ಕೇ ಪೂಜೆ ಎಂದು ಹೆಸರು. ಅದನ್ನು ತಲೆಯ ಮೇಲಿಟ್ಟುಕೊಂಡು, ಕೈ ಸೋಕಿಸದೆ, ತಮಟೆಯ ಏಟಿಗೆ ಕುಣಿಯಬೇಕು. ಇನ್ನೊಂದು ವಿದ್ಯೆ, ದೊಡ್ಡವರ ಕಡೆಯಿಂದ ಏನೇ ಬರಲಿ, ಎರಡೂ ಕೈಯಲ್ಲಿ ಹಿಡಿಯುವುದು. "ಒಂಟಿ ಕೈಲಿ ಈಸ್ಕೊಂಡೋನು ಉದ್ಧಾರ ಆಗಾಕಿಲ್ಲ ಕಣ್ಲಾ" ಎಂದು ಅಪ್ಪ ಬೆನ್ನಿಗೆ ಎರಡೇಟು ಬಿಟ್ಟು ಕಲಿಸಿದ್ದ.

ಮೊದಲನೆಯ ವಿದ್ಯೆಯಲ್ಲಿ ಅಂಕಯ್ಯ ಆ ಸೀಮೆಗೇ ಗಂಡುಗಲಿ. ತಲೆಯ ಮೇಲೆ ಪೂಜೆ ಹೊತ್ತು, ಮೊಣಕಾಲೂರಿ, ನೆಲದ ಮೇಲಿಟ್ಟ ಹೂವನ್ನು ಹಲ್ಲಿನಲ್ಲಿ ಎತ್ತಿಕೊಂಡು ಏಳುವುದನ್ನು ನೋಡಲು ಮದ್ದೂರಿನಿಂದ ಜನ ಬರುತ್ತಿದ್ದರು. ಎರಡನೆಯ ವಿದ್ಯೆಯೇ ಅವನನ್ನು ಕೆಡವಿದ್ದು. ಹೇಗೆಂದರೆ, ಮೊಬೈಲ್ ಫೋನು ಬಂತು.

ಅಂಕಯ್ಯನ ಲೆಕ್ಕ ಸರಳವಾಗಿತ್ತು. ದೊಡ್ಡವರು ಕೊಟ್ಟ ವೀಳ್ಯವನ್ನು ಎರಡು ಕೈಯಲ್ಲಿ ಹಿಡಿಯಬೇಕು ಅಂದ ಮೇಲೆ ದೊಡ್ಡವರ ಮಾತನ್ನು ಒಂಟಿ ಕೈಯಲ್ಲಿ ಹಿಡಿಯುವುದುಂಟೆ? ಆಫೀಸಿನವರ ಫೋನು ಬಂದರೆ ಸಾಕು, ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಇಳಿಯುತ್ತಿತ್ತು, ಸೊಂಟ ಬಾಗುತ್ತಿತ್ತು, ಫೋನಿನ ತಲೆಯ ಮೇಲೊಂದು ಅಂಗೈ, ಬುಡಕ್ಕೊಂದು ಅಂಗೈ. ಗಾಳಿಗೆ ದೀಪ ಆರದಿರಲೆಂದು ಮರೆ ಹಿಡಿಯುತ್ತಾರಲ್ಲ, ಹಾಗೆ. ಆಮೇಲೆ "ನಮಸ್ಕಾರ ಸ್ವಾಮಿ" ಎಂದು ಶುರು ಮಾಡುತ್ತಿದ್ದ. ನಮಸ್ಕಾರ ಮುಗಿದು ಸ್ವಾಮಿ ಬರುವಷ್ಟರಲ್ಲಿ ಆ ಕಡೆಯವರು ಮಾಯ.

ಅಷ್ಟರಲ್ಲೇ ಇದ್ದಿದ್ದರೆ ದುಃಖವಿರಲಿಲ್ಲ. ಅದೇ ಫೋನಿನಲ್ಲಿ, ಅದೇ ಜಗಲಿಯ ಮೇಲೆ, ತಮಟೆ ಶಿವಣ್ಣನ ಜೊತೆ ಮಾತಾಡಿದರೆ ಮಾತು ಗಂಟೆ ಹೊಡೆದಂತೆ ಕೇಳುತ್ತಿತ್ತು. ಶಿವಣ್ಣ ಚಿಕ್ಕಂದಿನ ಗೆಳೆಯ. ಅಂಕಯ್ಯ ಭೂಮಿಯ ಮೇಲೆ ಬೈಯುತ್ತಿದ್ದುದು ಅವನೊಬ್ಬನನ್ನು. ಫೋನನ್ನು ಎರಡು ಬೆರಳಲ್ಲಿ ಬುಡದ ಮೂಲೆ ಹಿಡಿದು, ಮುಖದಿಂದ ಮಾರುದೂರ ಇಟ್ಟುಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಬೀಸುತ್ತ, "ಲೇ ಶಿವ, ನಿನ್ ಮನೆ ಕಾಯೋಗ, ಎಲ್ಲಿ ಬಿದ್ದಿದ್ದೀಯ್ಲಾ? ತಮಟೆ ಕಾಯ್ಸಿ ಆರೋಗ್ತಾ ಅದೆ!" ಎಂದರೆ ಶಿವಣ್ಣ ಹಲ್ಲುಜ್ಜುತ್ತಿರುವ ಸದ್ದೂ ಸ್ಪಷ್ಟ.

ಹಳ್ಳಿ ಇದನ್ನು ಗಮನಿಸಿತು, ಯೋಚಿಸಿತು, ಸಿದ್ಧಾಂತ ಮಂಡಿಸಿತು. ಬ್ಲಫಿನ ಸಿಗ್ನಲ್ಲಿಗೆ ನಮಸ್ಕಾರ ಆಗಿಬರುವುದಿಲ್ಲ, ಬೈದರೆ ಓಡಿಬರುತ್ತದೆ. ನಮ್ಮ ಕಡೆಯದೇ ಅಲ್ಲವೆ, ನಮ್ಮ ಬುದ್ಧಿಯೇ ಬಂದಿದೆ ಎಂದು ಜನ ಹೆಮ್ಮೆಯೂ ಪಟ್ಟರು. ಮುಖ್ಯವಾದ ಫೋನು ಮಾಡುವ ಮುಂಚೆ ಎರಡು ಬೈದು ಶುರು ಮಾಡುವುದು ರೂಢಿಗೆ ಬಂತು. ಚಿಕ್ಕಬೋರಮ್ಮ ಬೀಗರಿಗೆ ಹಬ್ಬಕ್ಕೆ ಕರೆಯಲು ಫೋನ್ ಮಾಡಿ, ಫೋನನ್ನು ಮನಸಾರೆ ಬೈದಳು. ಆ ಕಡೆ ಬೀಗಿತ್ತಿ ಆಗಲೇ ಎತ್ತಿಕೊಂಡಿದ್ದಳು. ಆ ವರ್ಷ ಬೀಗರು ಹಬ್ಬಕ್ಕೆ ಬರಲಿಲ್ಲ.

"ನೀನೂ ಬಯ್ಯಿ, ನಾಲಿಗೆ ಸವೀತದಾ?" ಎಂದು ಹೆಂಡತಿ ಪಟ್ಟಲಮ್ಮ ಅಂಕಯ್ಯನಿಗೆ ತಾಕೀತು ಮಾಡಿದಳು.

ಅಂಕಯ್ಯ ಒಂದು ದಿನ ಧೈರ್ಯ ಮಾಡಿ ಫೋನನ್ನು ಎದುರಿಗಿಟ್ಟುಕೊಂಡು, "ನೋಡಪ್ಪ, ನೀನು ಮಾಡ್ತಿರೋದು ನಂಗೇನೋ ಸರಿ ಕಾಣ್ತಿಲ್ಲ" ಎಂದ.

"ಇದು ಬಯ್ಯೋದಾ? ಎಣ್ಣು ಕೇಳಾಕೋದಂಗೈತೆ" ಎಂದು ಪಟ್ಟಲಮ್ಮ ಒಳಗೆ ಹೋದಳು.

ನಗುವ ವಿಷಯವೇನೋ ಸರಿ. ಆದರೆ ಅಂಕಯ್ಯನ ಎದೆಯಲ್ಲಿ ಒಂದು ಮುಳ್ಳಿತ್ತು. ಪ್ರತಿವರ್ಷ ದೆಹಲಿಯಲ್ಲಿ ದೊಡ್ಡದೊಂದು ಜಾನಪದ ಮೇಳ ನಡೆಯುತ್ತಿತ್ತು. ಆ ಮೇಳಕ್ಕೆ ಈ ಭಾಗದ ತಂಡಗಳನ್ನು ಆರಿಸುವ ಸಮಿತಿಯೊಂದು ಮಂಡ್ಯದಲ್ಲಿತ್ತು. ಮೋಹಿನಿ ಮೇಡಂ ಎನ್ನುವವರು ಅದರ ಮುಖ್ಯಸ್ಥೆ. ಅವರೇ ಖುದ್ದಾಗಿ ಅಂಕಯ್ಯನಿಗೆ ಫೋನ್ ಮಾಡುತ್ತಿದ್ದರು. ಅಂಕಯ್ಯ ಬಾಗಿ, ಎರಡು ಕೈಯಲ್ಲಿ ಹಿಡಿದು, "ನಮಸ್ಕಾ..." ಅಷ್ಟೆ. ತಿರುಗಿಸಿ ಮಾಡಿದರೂ ಅದೇ ಗತಿ. ಮರುವರ್ಷವೂ ಅದೇ. ಅದರ ಮರುವರ್ಷ ಅವರು ಮಾಡುವುದನ್ನೇ ಬಿಟ್ಟರು. ಅಂಕಯ್ಯನಿಂದ ಕುಣಿತ ಕಲಿತುಹೋದ ಬೇರೆ ಊರಿನವರೆಲ್ಲ ದೆಹಲಿ ನೋಡಿಬಂದರು. ಅಂಕಯ್ಯನ ಮೊಣಕಾಲು ಮಾತ್ರ ಇತ್ತೀಚೆಗೆ ತಕರಾರು ತೆಗೆಯತೊಡಗಿತ್ತು. ಈ ಸಲ ಬಿಟ್ಟರೆ ಇನ್ನು ಅಮ್ಮನನ್ನು ಹೊತ್ತು ಅಷ್ಟು ದೂರ ಕುಣಿಯುವ ಯೋಗವಿಲ್ಲ ಎಂದು ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಶಿವಣ್ಣ ಮಂಡ್ಯಕ್ಕೆ ಹೋಗಿಬಂದವನು ಜಗಲಿಯ ಮೇಲೆ ಕೂತು, "ಲೇ ಅಂಕ, ಮಂಡ್ಯದಲ್ಲಿ ನಿನ್ನೆಸ್ರು ಭಾರಿ ಓಡ್ತಾ ಅದೆ ಕಣ್ಲಾ" ಎಂದ.

"ಕುಣಿತಕ್ಕೇನ್ಲಾ?"

"ಕೊಬ್ಬಿಗೆ ಕಣ್ಲಾ. ಫೋನ್ ಮಾಡುದ್ರೆ ಅರ್ಧ ನಮಸ್ಕಾರ ಏಳಿ ಮಕಕ್ಕೆ ಹೊಡ್ದಂಗೆ ಕಟ್ ಮಾಡ್ತಾನಂತೆ, ಅಂತ ದುರಂಕಾರದೋನ್ನ ಕಂಡೇ ಇಲ್ಲ ಅಂತ ಮೇಡಮ್ಮು ಎಲ್ರ ಮುಂದೂ ಏಳ್ಕಂಡವ್ರೆ."

ಅಂಕಯ್ಯ ಆ ರಾತ್ರಿ ಮುದ್ದೆ ಮುರಿಯಲಿಲ್ಲ. ಕೊಬ್ಬಿದವನು! ತಾನು! ಬೆಳಗಾಗುತ್ತಲೇ ಮಳವಳ್ಳಿಯ ಬಸ್ಸು ಹತ್ತಿದ.

ಮಳವಳ್ಳಿಯಲ್ಲಿ ಮೊಬೈಲ್ ರಿಪೇರಿಗೆ ತಹಸೀನಳ ಅಂಗಡಿ. ಮೂವತ್ತರ ಹೆಂಗಸು, ಚಿಮುಟಿಗಿಂತ ಚೂಪು ನಾಲಿಗೆ. ಅಂಕಯ್ಯನ ಫೋನು ಅವಳ ಮೇಜಿಗೆ ಬರುತ್ತಿರುವುದು ಇದೇ ಮೊದಲಲ್ಲ. ಒಮ್ಮೆ ಬ್ಯಾಟರಿ ಬದಲಿಸಿದ್ದಳು, ಒಮ್ಮೆ ಸಿಮ್ಮು, ಕೊನೆಗೆ ಫೋನನ್ನೇ ಬದಲಿಸಿ ಹೊಸದು ಕೊಡಿಸಿದ್ದಳು. ಅಂಗಡಿಯಲ್ಲಿ ನೋಡಿದರೆ ಎಲ್ಲ ಸರಿ. ಅಂಗಡಿಯ ಹಿಂದೆಯೇ ಟವರು. ಅಲ್ಲಿ ಅಂಕಯ್ಯ ಗುಡಿಯ ಪೂಜಾರಿಗೆ ಫೋನ್ ಮಾಡಿ ಎರಡು ಕೈಯಲ್ಲಿ ಹಿಡಿದು ಮಾತಾಡಿದರೂ ಪೂಜಾರಿ ಚೆನ್ನಾಗಿಯೇ ಕೇಳಿಸಿಕೊಂಡು ಆಶೀರ್ವಾದ ಮಾಡಿದರು.

"ನೋಡಿ ಅಂಕಯ್ಯಣ್ಣ, ಇಲ್ಲಿ ಹುಲಿ ಥರ ಇದೆ" ಎಂದಳು ತಹಸೀನ್.

"ಇಲ್ಲಿ ಉಲಿ ಕಣವ್ವ ತಸೀನಮ್ಮ, ನಮ್ಮೂರ್ಗೋದ್ರೆ ಇಲಿ."

ತಹಸೀನ್ ಚಿಮುಟಿ ಕೆಳಗಿಟ್ಟಳು. "ಮದ್ದೂರಿಂದ ಫೋನ್ ತರ್ತಾರೆ ನನ್ನ ಹತ್ರ. ನಿಮ್ಮದೊಂದು ಮಾತ್ರ ನನ್ನ ಮಾನ ತೆಗೀತಿದೆ. ನಡೀರಿ, ನಾನೇ ಬಂದು ನೋಡ್ತೀನಿ" ಎಂದು ಅಂಗಡಿಯ ಷಟರ್ ಎಳೆದು ಸ್ಕೂಟಿ ಹತ್ತಿದಳು. ಹಿಂದೆ ಅಂಕಯ್ಯ, ಮಡಿಲಲ್ಲಿ ಫೋನು, ಯಾತ್ರೆಗೆ ಹೊರಟವನಂತೆ.

ಬ್ಲಫಿನ ಪಕ್ಕದ ಆ ಹಳ್ಳಿ ಗುಂಡಿಯಲ್ಲಿದ್ದಂತಿದೆ. ಕೆಳಗೆ ವಿದ್ಯುತ್ ಕೇಂದ್ರದ ಕಣಿವೆ, ಸುತ್ತ ಬಂಡೆ ಗುಡ್ಡ. ಲೋಕಕ್ಕೆಲ್ಲ ಕರೆಂಟು ಕೊಟ್ಟ ಜಾಗಕ್ಕೆ ಟವರ್ರಿನ ನೆರಳೂ ಬಿದ್ದಿಲ್ಲ. ಟವರು ಗುಡ್ಡದ ಆಚೆಗೆಲ್ಲೋ. ತಹಸೀನ್ ಜಗಲಿಯ ಮೇಲೆ ಕೂತು ತನ್ನ ಇನ್ನೊಂದು ಫೋನಿನಿಂದ ಅಂಕಯ್ಯನಿಗೆ ಕರೆ ಮಾಡಿದಳು. ಅಂಕಯ್ಯ ಮಗಳಂಥವಳ ಫೋನಲ್ಲವೇ ಎಂದು ಒಂದು ಕೈಯಲ್ಲಿ ಎತ್ತಿ "ಏಳವ್ವ" ಎಂದ. ಸಿಗ್ನಲ್ಲು ಕಡಿಮೆ, ಆದರೂ ಮಾತು ಸ್ಪಷ್ಟ. ಅಂಗಳಕ್ಕೆ ಕಳಿಸಿದಳು, ಹಿತ್ತಿಲಿಗೆ ಕಳಿಸಿದಳು, ಕೊಟ್ಟಿಗೆಗೆ ಕಳಿಸಿದಳು. ಎಲ್ಲೆಲ್ಲೂ ಸರಿ.

"ಇವ್ರಿಗೇನೋ ಮಾಟ ಮಾಡ್ಸವ್ರೆ ಕಣಮ್ಮ" ಎಂದು ಪಟ್ಟಲಮ್ಮ ಕಾಫಿ ತಂದಿಟ್ಟಳು.

ತಹಸೀನಳ ಮೊದಲ ಗುಟುಕು ಗಂಟಲಿಗೆ ಇಳಿಯುವ ಮುಂಚೆಯೇ ಅಂಕಯ್ಯನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಮೋಹಿನಿ ಮೇಡಂ ಎಂದು ಬಂತು. ವರ್ಷಗಟ್ಟಲೆ ಸುಮ್ಮನಿದ್ದವರು! ಅಂಕಯ್ಯನ ಮುಖದ ರಕ್ತ ಇಳಿಯಿತು. ಟವಲ್ಲು ಕಂಕುಳಿಗೆ ಇಳಿಯಿತು. ಸೊಂಟ ಬಾಗಿತು. ಮೇಲೊಂದು ಅಂಗೈ, ಕೆಳಗೊಂದು ಅಂಗೈ. "ನಮಸ್ಕಾ..."

ಸತ್ತಿತು.

ತಹಸೀನ್ ನಕ್ಕ ನಗುವಿಗೆ ಕಾಫಿ ಮೂಗಿನಿಂದ ಬಂತು. "ಬಿಡಿ, ಬಿಡಿ, ಕೈ ತೆಗೀರಿ!" ಎಂದು ಹಾರಿಬಂದು ಫೋನು ಕಿತ್ತುಕೊಂಡು, ಬೆರಳ ತುದಿಯಲ್ಲಿ ಅದರ ನಡುವಿನ ಅಂಚನ್ನಷ್ಟೇ ಹಿಡಿದು, ಅದೇ ನಂಬರಿಗೆ ತಿರುಗಿಸಿ ಮಾಡಿದಳು. "ಮೇಡಂ, ನಮಸ್ತೆ, ನಾನು ಮಳವಳ್ಳಿ ಮೊಬೈಲ್ ಅಂಗಡಿಯವಳು. ಅಂಕಯ್ಯಣ್ಣ ಕಟ್ ಮಾಡಿದ್ದಲ್ಲ ಮೇಡಂ. ಅವರಿಗೆ ನಿಮ್ಮ ಮೇಲೆ ಮರ್ಯಾದೆ ಜಾಸ್ತಿ ಆಗಿಹೋಯ್ತು, ಅದನ್ನ ಫೋನು ತಡ್ಕೊಳ್ಳಲಿಲ್ಲ."

ಆ ಕಡೆಯಿಂದ ಮೋಹಿನಿ ಮೇಡಂ ಬಿಗಿ ದನಿಯಲ್ಲಿ, "ಕೊನೇ ಸಲ ಅಂತ ಮಾಡ್ದೆ. ಭಾನುವಾರ ಬೆಳಗ್ಗೆ ಸಮಿತಿಯವರೆಲ್ಲ ವಿಡಿಯೋದಲ್ಲಿ ನೋಡ್ತೀವಿ. ಅವರೂರ ಗುಡಿ ಮುಂದೇನೇ ಕುಣೀಬೇಕು. ಹೋದ ವರ್ಷ ಯಾರೋ ಕಲ್ಯಾಣಮಂಟಪ ಬಾಡಿಗೆ ತಗೊಂಡು, ಬೇರೆಯವರನ್ನ ಕುಣಿಸಿ ನಮಗೆ ಟೋಪಿ ಹಾಕಿದ್ರು. ಅವತ್ತೂ ಕಟ್ ಮಾಡಿದ್ರೆ ಇನ್ನು ನಾನು ಫೋನ್ ಮಾಡೋದಿಲ್ಲ" ಎಂದು ಇಟ್ಟರು.

ಅಂಕಯ್ಯ ಕಂಬಕ್ಕೆ ಒರಗಿಕೊಂಡ. ತಹಸೀನ್ ಕೂರಿಸಿ ಬಿಡಿಸಿ ಹೇಳಿದಳು.

"ಫೋನಿಗೆ ಕಿವಿ ಒಂದಲ್ಲ ಅಂಕಯ್ಯಣ್ಣ. ತಲೆ ಹತ್ರ, ಬುಡದ ಹತ್ರ, ಅಂಚಲ್ಲಿ, ಹೀಗೆ ಒಳಗೊಳಗೇ ಬಚ್ಚಿಟ್ಟಿರ್ತಾರೆ. ಆಂಟೆನಾ ಅಂತಾರೆ. ಮಳವಳ್ಳೀಲಿ ಟವರು ಕಿವಿ ಪಕ್ಕ ನಿಂತು ಕೂಗ್ತದೆ, ನೀವು ಕಿವಿ ಮುಚ್ಚಿದ್ರೂ ಕೇಳ್ತದೆ. ಇಲ್ಲಿ ಹಂಗಲ್ಲ. ಗುಡ್ಡದಾಚೆ ಕೂಗಿದ್ದು ಆ ಬಂಡೆಗೆ ಒಂದು ಹೊಡ್ದು, ಈ ಬಂಡೆಗೆ ಒಂದು ಹೊಡ್ದು, ಸೊರಗಿ ಸೊರಗಿ ಬರ್ತದೆ. ಒಂದು ದಾರೀಲಿ ಬಂದಿದ್ದು ಒಂದು ಕಿವಿಗೆ, ಇನ್ನೊಂದು ದಾರೀದು ಇನ್ನೊಂದಕ್ಕೆ. ಎರಡನ್ನೂ ಜೋಡಿಸ್ಕೊಂಡು ಫೋನು ಅರ್ಥ ಮಾಡ್ಕೋಬೇಕು. ನೀವು ಬಂದು ಎರಡೂ ಕಿವಿಗೆ ಅಂಗೈ ಮುಚ್ತೀರಿ. ಕೈ ಅಂದ್ರೇನು? ಅರ್ಧಕ್ಕರ್ಧ ನೀರು. ಇರೋಬರೋ ಸಿಗ್ನಲ್ಲನ್ನ ಅದೇ ಕುಡಿದುಬಿಡ್ತದೆ."

"ಮತ್ತೆ ಬೈದ್ರೆ ಸಿಕ್ತದಲ್ಲ?" ಎಂದ, ಅಂಗಳದಲ್ಲಿ ಬಂದು ನಿಂತಿದ್ದ ಶಿವಣ್ಣ.

"ಬೈಯೋವಾಗ ಯಾರಾದ್ರೂ ಎರಡು ಕೈಯಲ್ಲಿ ಫೋನ್ ಹಿಡೀತಾರಾ? ಒಂದು ಕೈ ಬೈಯಕ್ಕೇ ಬೇಕಲ್ಲ."

ಹಳ್ಳಿಯ ಮಹಾಸಿದ್ಧಾಂತ ಹೀಗೆ ಜಗಲಿಯ ಮೇಲೆ ಪ್ರಾಣ ಬಿಟ್ಟಿತು. ಶಿವಣ್ಣನಿಗೆ ನಿಜಕ್ಕೂ ಬೇಜಾರಾಯಿತು.

"ಮಾತಿಗಾದ್ರೆ ಒಂದು ಕಿವಿ ಸಾಕು" ಎಂದು ತಹಸೀನ್ ಎಚ್ಚರಿಸಿದಳು. "ವಿಡಿಯೋಗೆ ಈ ಊರಲ್ಲಿ ಒಂದು ಕಿವಿ ಸಾಲದು. ಎಲ್ಲಾ ತೆರೆದಿರ್ಬೇಕು."

ಭಾನುವಾರದವರೆಗೆ ಆ ಮನೆಯಲ್ಲಿ ನಡೆದ ತಾಲೀಮಿನ ಮುಂದೆ ಗರಡಿಮನೆ ಏನೂ ಅಲ್ಲ. ಪಟ್ಟಲಮ್ಮ ಅಡುಗೆಮನೆಯಿಂದ ಮೋಹಿನಿ ಮೇಡಮ್ಮಿನ ದನಿ ತೆಗೆದು, "ಅಲೋ, ಯಾರ್ರೀ ಅದು ಅಂಕಯ್ಯ?" ಎನ್ನುವಳು. ಅಂಕಯ್ಯ ಫೋನನ್ನು ಬೆರಳಲ್ಲಿ ಹಿಡಿದು ನಿಲ್ಲುವನು. ಎಡಗೈ ಮಾತ್ರ ಹಾವಿನಂತೆ ಮೆಲ್ಲಮೆಲ್ಲನೆ ಮೇಲೇರಿ ಬರುವುದು. ಟವಲ್ಲಿನಲ್ಲಿ ಕೈಯನ್ನು ಬೆನ್ನಿಗೆ ಕಟ್ಟಿದರೆ ಮೊಣಕೈ ಏಳುವುದು. "ಎಲ್ಲಾನೂ ಬುಡು, ಕುಣಿಯೋನು ನೀನು, ಫೋನ್ ಇಡ್ಯೋದು ನಿಂಗ್ಯಾಕೆ" ಎಂದು ಕೊನೆಗೆ ಪಟ್ಟಲಮ್ಮನೇ ಗಂಟು ಬಿಚ್ಚಿದಳು.

ಭಾನುವಾರ ಬಂತು. ಗುಡಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದರು. ತಹಸೀನ್ ಅಂಗಡಿಯಿಂದ ಮೂರು ಕಾಲಿನ ಸ್ಟ್ಯಾಂಡು ತಂದು, ಜಾಗ ಹುಡುಕಿ ಹುಡುಕಿ ಫೋನು ನಿಲ್ಲಿಸಿದಳು. ಶಿವಣ್ಣ ತಮಟೆ ಕಾಯಿಸಿ, ಅಪರೂಪಕ್ಕೆ ಹೊತ್ತಿಗೆ ಮುಂಚೆಯೇ ನಿಂತಿದ್ದ. ಅಂಕಯ್ಯ ಗೆಜ್ಜೆ ಕಟ್ಟಿ, ಪೂಜೆಯನ್ನು ತಲೆಗೇರಿಸಿದ. ಕರೆ ಬಂತು. ಮೋಹಿನಿ ಮೇಡಮ್ಮು, ಅವರ ಅಕ್ಕಪಕ್ಕ ಸಮಿತಿಯವರು ಪರದೆಯಲ್ಲಿ ಸಾಲಾಗಿ ಕಂಡರು. ತಮಟೆ ಗುಡುಗಿತು.

ಊರು ತಡೆದುಕೊಳ್ಳಲಿಲ್ಲ. ದೆಹಲಿಗೆ ಕಳಿಸುವವರ ಮುಖ ಹೇಗಿದೆ ನೋಡೋಣವೆಂದು ಒಬ್ಬ ಬಗ್ಗಿದ. ಅವನ ಹೆಗಲ ಮೇಲೆ ಇನ್ನೊಬ್ಬ. ಕ್ಷಣದಲ್ಲಿ ಸ್ಟ್ಯಾಂಡಿನ ಸುತ್ತ ಜನದ ಗೋಡೆ ಎದ್ದಿತು. ಪರದೆಯಲ್ಲಿ ಸಮಿತಿಯವರು ಬಾಯಿ ತೆರೆದಂತೆಯೇ ಕಲ್ಲಾದರು.

"ಸರೀರಿ! ನೀವೂ ನೀರಿನ ಕೊಡಗಳೇ ಕಣ್ರೀ, ಸಿಗ್ನಲ್ ನುಂಗ್ತಿದ್ದೀರಿ!" ಎಂದು ತಹಸೀನ್ ಕಿರುಚಿದಳು. ಅತ್ತ ಸರಿಸಿದರೆ ಇತ್ತ ಮುತ್ತುತ್ತಿದ್ದರು. ಅಂಕಯ್ಯನ ಅಣ್ಣನ ಮಗ ಸಿದ್ದೇಶ್, ಅದೇ ತಂಡದ ಕುಣಿತಗಾರ, ಗುಂಪು ಸೀಳಿಕೊಂಡು ಬಂದು ಫೋನನ್ನು ಕಿತ್ತು ಮೇಲಕ್ಕೆತ್ತಿದ. ಚಿತ್ರಕ್ಕೆ ಜೀವ ಬಂತು. ಮೋಹಿನಿ ಮೇಡಂ ಮಾತಾಡಿದರು: "ಯಾರಪ್ಪ ಅದು, ನಮಸ್ಕಾರ, ಸ್ವಲ್ಪ..."

ದೊಡ್ಡವರೇ ಮೊದಲು ನಮಸ್ಕಾರ ಅಂದುಬಿಟ್ಟರೆ? ಸಿದ್ದೇಶನೂ ಆ ಮನೆಯ ರಕ್ತವೇ. ಎರಡನೆಯ ಕೈ ತಾನಾಗಿ ಹಾರಿಬಂದು ಫೋನನ್ನು ಅಪ್ಪಿತು. ಕರೆ ಸತ್ತಿತು.

ತಮಟೆ ನಿಂತಿತು. ಸಿದ್ದೇಶ್ ತನ್ನ ಕೈಗಳನ್ನೇ ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡಿದ. ಅಂಕಯ್ಯ ತಲೆಯ ಮೇಲೆ ಅಮ್ಮನನ್ನು ಹೊತ್ತು ನಿಂತಲ್ಲೇ ನಿಂತಿದ್ದ. ದೆಹಲಿ ಹೋಯಿತು. ಕೊಬ್ಬಿದವನು ಎಂಬ ಹೆಸರು ನಿಂತಿತು. ಪೂಜೆ ಮಾತ್ರ ನೂಲಿನೆಳೆಯಷ್ಟೂ ಅಲುಗಿರಲಿಲ್ಲ. ಅದನ್ನು ಯಾವ ಕೈಯೂ ಹಿಡಿದಿರಲಿಲ್ಲ.

ಅಂಕಯ್ಯನ ಕಣ್ಣು ಅಗಲವಾಯಿತು.

"ಸಿದ್ದ! ತಾಲೀಮು ಪೂಜೆ ತಗಂಬಾ!"

ತಾಲೀಮು ಪೂಜೆ ಎಂದರೆ ಹೊಸಬರು ಕಲಿಯುವ ಬರೀ ಬಿದಿರಿನ ಚೌಕಟ್ಟು. ಸೀರೆಯಿಲ್ಲ, ಹಿತ್ತಾಳೆಯಿಲ್ಲ, ಅಮ್ಮನಿಲ್ಲ. ಸಿದ್ದೇಶ್ ಓಡಿಹೋಗಿ ತಂದ. ತಹಸೀನಳಿಗೆ ಹೇಳಬೇಕಾಗಲಿಲ್ಲ. "ಒಣ ಬಿದಿರು! ನೀರಿಲ್ಲ, ಲೋಹ ಇಲ್ಲ, ಎಲ್ಲರ ತಲೆಗಿಂತ ಮೇಲೆ!" ಎನ್ನುತ್ತ, ಅಮ್ಮನ ಮುಖ ಕಟ್ಟುವ ಜಾಗಕ್ಕೆ ಫೋನನ್ನಿಟ್ಟು, ನಡುವಿಗೆ ಮಾತ್ರ ದಾರ ಸುತ್ತಿ ಬಿಗಿದು, ತಾನೇ ಕರೆ ಮಾಡಿದಳು.

ಆ ಕಡೆ ಬಹಳ ಹೊತ್ತು ಹೊಡೆದುಕೊಂಡಿತು. ಎತ್ತುವುದಿಲ್ಲವೆಂದೇ ಎಲ್ಲರೂ ಅಂದುಕೊಂಡರು. ಎತ್ತಿದರು.

"ಆಯ್ತು, ಹೇಳಿ" ಎಂದರು ಮೋಹಿನಿ ಮೇಡಂ, ಮುಖ ಗಂಟು ಹಾಕಿಕೊಂಡು. ಅಷ್ಟರಲ್ಲಿ ಸಿದ್ದೇಶ್ ಚೌಕಟ್ಟನ್ನು ತಲೆಗೇರಿಸಿದ. ಮೇಡಮ್ಮು, ಸಮಿತಿ, ಅವರ ಮೇಜು, ಮೇಜಿನ ಮೇಲಿನ ಹೂಕುಂಡ, ಎಲ್ಲ ಒಟ್ಟಿಗೆ ಊರಿನ ತಲೆಗಳ ಮೇಲೆ ಎದ್ದು ನಿಂತವು.

"ಬುಡ್ಲಾ ಶಿವ!" ಎಂದ ಅಂಕಯ್ಯ.

ಶಿವಣ್ಣ ಬಿಟ್ಟ. ಆ ತಮಟೆಯ ಏಟಿಗೆ ಗುಡಿಯ ಗೋಪುರದ ಪಾರಿವಾಳಗಳು ಎದ್ದವು. ಒಂದು ಕಡೆ ಅಮ್ಮನನ್ನು ಹೊತ್ತ ಅಂಕಯ್ಯ, ಎದುರಿಗೆ ಸಮಿತಿಯನ್ನು ಹೊತ್ತ ಸಿದ್ದೇಶ್. ಅಂಕಯ್ಯ ಮುನ್ನುಗ್ಗಿದರೆ ಸಿದ್ದೇಶ್ ಹಿಂದೆ ಸರಿಯುವನು. ಅಂಕಯ್ಯ ಸುತ್ತಿದರೆ ಸಿದ್ದೇಶ್ ಬಳಸುವನು. ನಾಲ್ಕು ಕೈಗಳೂ ಗಾಳಿಯಲ್ಲಿ, ಯಾವುದೂ ಯಾವುದನ್ನೂ ಹಿಡಿದಿಲ್ಲ. ಚಿತ್ರ ಒಮ್ಮೆಯೂ ಕಲ್ಲಾಗಲಿಲ್ಲ. ಸಮಿತಿಯವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಚಿತ್ರದ ತೂಗಾಟ ತಾಳದೆ ಒಬ್ಬರು ಕಣ್ಣು ಮುಚ್ಚಿದರು. ಚಿಕ್ಕಬೋರಮ್ಮ ಎತ್ತರದಲ್ಲಿ ಬೆಳಗುತ್ತಿದ್ದ ಮುಖಗಳಿಗೆ ಯಾವುದಕ್ಕೂ ಇರಲಿ ಎಂದು ಕೈಮುಗಿದು ಒಂದು ಹಿಡಿ ಹೂವು ಎರಚಿದಳು.

ಕೊನೆಗೆ ಅಂಕಯ್ಯ ಮೊಣಕಾಲೂರಿದ. ತಕರಾರಿನ ಮೊಣಕಾಲು. ಪೂಜೆ ಹೊತ್ತ ತಲೆಯನ್ನು ನೆಟ್ಟಗಿಟ್ಟು, ಸೊಂಟದಿಂದ ಇಂಚಿಂಚೇ ಇಳಿದು, ರಂಗೋಲಿಯ ನಡುವಿನ ಹೂವನ್ನು ಹಲ್ಲಿನಲ್ಲಿ ಎತ್ತಿದ. ಎದ್ದ. ಊರು ಹಾಕಿದ ಕೇಕೆ ಕೆಳಗಿನ ಕಣಿವೆಗೆ ಹೋಗಿ ವಾಪಸು ಬಂತು.

"ಅಂಕಯ್ಯನವರೇ" ಎಂದರು ಮೋಹಿನಿ ಮೇಡಂ ಮೇಲಿನಿಂದ. ಗಂಟು ಬಿಚ್ಚಿದ ಮುಖದಲ್ಲಿ ಬೆವರಿತ್ತು. "ಇಷ್ಟು ವರ್ಷ ನಾನು ನಿಮ್ಮನ್ನ ತಪ್ಪು ತಿಳಿದಿದ್ದೆ. ದೆಹಲಿಗೆ ನಿಮ್ಮದೇ ತಂಡ. ಬರ್ತೀರಲ್ಲ?"

ಅಂಕಯ್ಯನ ಎರಡು ಕೈಗಳೂ ಖಾಲಿಯಿದ್ದವು. ಎರಡನ್ನೂ ಎದೆಯ ಮುಂದೆ ಜೋಡಿಸಿದ. ಹೂವನ್ನು ಬಾಯಿಂದ ತೆಗೆದು ಕಿವಿಗಿಟ್ಟುಕೊಂಡು ಮತ್ತೆ ಜೋಡಿಸಿದ. "ನಮಸ್ಕಾರ ತಾಯಿ. ತಾವು ದೊಡ್ಡೋರು, ನಮ್ಮಂತೋರ್ನ ಗ್ಯಾಪಕ ಮಡಿಕ್ಕಂಡು ಫೋನ್ ಮಾಡಿದ್ರಿ. ಬತ್ತೀವಿ ತಾಯಿ. ಅಮ್ಮುನ್ನೂ ಕರ್ಕಂಡೇ ಬತ್ತೀವಿ. ತಮ್ಗೂ ತಮ್ಮ ಪಕ್ಕದಲ್ಲಿರೋ ಎಲ್ಲಾ ದೊಡ್ಡೋರ್ಗೂ ಒಳ್ಳೇದಾಗ್ಲಿ" ಎಂದು, ಜೀವಮಾನದಲ್ಲಿ ಮೊದಲ ಸಲ, ಆಫೀಸಿನವರೊಬ್ಬರ ಜೊತೆ ಫೋನಿನಲ್ಲಿ ಆಡಲು ಶುರು ಮಾಡಿದ ಮಾತನ್ನು ಕೊನೆಯವರೆಗೂ ಆಡಿ ಮುಗಿಸಿದ.

"ಸರಿ, ಹಾಗಾದ್ರೆ ಇಡ್ತೀನಿ" ಎಂದರು ಮೇಡಂ.

"ಇಡಂಗಿಲ್ಲ ತಾಯಿ" ಎಂದ ಅಂಕಯ್ಯ, ಇನ್ನೂ ಕೈಮುಗಿದುಕೊಂಡೇ. "ತಲೆಗೇರಿದ ಪೂಜೆ ಗುಡಿ ಸುತ್ತು ಬರ್ದೆ ಇಳಿಯಂಗಿಲ್ಲ. ಬರೀ ಬಿದ್ರಾದ್ರೂ ಅದು ಪೂಜೇನೇ. ವಸಿ ಕುಂತಿರಿ."

ಶಿವಣ್ಣ ಒಪ್ಪಿಗೆಗೆ ಕಾಯಲಿಲ್ಲ. ತಮಟೆ ಮುಂದೆ, ಅಮ್ಮ ನಡುವೆ, ದೆಹಲಿಯ ಮೇಳದ ಸಮಿತಿ ಹಿಂದೆ, ಅದರ ಹಿಂದೆ ಇಡೀ ಊರು ಗುಡಿಯನ್ನು ಬಲಗೊಂಡು ಹೊರಟಿತು. ಗುಡಿಯ ಬೆನ್ನಿಗೆ, ಬಂಡೆಯ ಕಡೆಗೆ, ಹುಟ್ಟಿದಾಗಿನಿಂದ ಯಾರ ಫೋನೂ ಉಸಿರಾಡದ ಜಾಗದಲ್ಲಿ, ಎತ್ತರದಿಂದ ಮೋಹಿನಿ ಮೇಡಮ್ಮಿನ ದನಿ ನಿಚ್ಚಳವಾಗಿ ಕೇಳುತ್ತಿತ್ತು: "ಅಂಕಯ್ಯನವರೇ, ಇನ್ನೂ ಎಷ್ಟು ದೂರ ಇದೆ?"